ಸೆನ್ಸರು ಬದಲಿಸುವ ಮುಂಚೆ

(ಹಳೆಯ ಗಾಡಿಗಳ ಪೆಟ್ರೋಲ್ ಖರ್ಚನ್ನು ಕುರಿತು ವ್ಯಾನ್ ಚಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪಾಠ ಹೇಳುತ್ತಿದ್ದ ಮೇಷ್ಟ್ರು ಇಂಜಿನ್ನಿನ ವಿಷಯ ಮಾತನಾಡಲು ನಿಂತಿದ್ದಾರೆಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ನನಗೆ ಕಾಣುತ್ತಿದೆ. ನಗುವುದು ನ್ಯಾಯವೇ. ಸ್ಪ್ಯಾನರ್ ಹಿಡಿಯುವುದರಲ್ಲಿ ನಿಮ್ಮಲ್ಲಿ ಅತ್ಯಂತ ಕಿರಿಯರಾದವರೂ ನನಗೆ ಗುರುಗಳು. ಆದರೆ ತಪ್ಪು ಸಲಹೆ ಕೊಟ್ಟು ಇನ್ನೊಬ್ಬರ ದುಡ್ಡು ಹಾಳು ಮಾಡಿದ ಅನುಭವ ನನ್ನಲ್ಲಿದೆ. ಅದನ್ನು ಹೇಳುವುದಕ್ಕಾಗಿಯೇ ಈ ದಿವಸ ಬಂದಿದ್ದೇನೆ.

ನಮ್ಮ ಬೀದಿಯಲ್ಲಿ ಮಿತ್ರರೊಬ್ಬರಿದ್ದಾರೆ. ಅವರದು ೨೦೦೭ರ ಮಾರುತಿ ಓಮ್ನಿ. ಬೆಳಿಗ್ಗೆ ಸಂಜೆ ಶಾಲೆಯ ಮಕ್ಕಳನ್ನು ಒಯ್ಯುತ್ತಾರೆ. ನಡುವೆ ಸಂತೆಗೋ ಆಸ್ಪತ್ರೆಗೋ ಬಾಡಿಗೆ ಸಿಕ್ಕರೆ ಹೋಗುತ್ತಾರೆ. ತಿಂಗಳಿಗೆ ಹೆಚ್ಚು ಕಡಿಮೆ ೨,೧೦೦ ಕಿಲೋಮೀಟರ್ ಓಟ. ಹಿಂದೆ ಲೀಟರಿಗೆ ೧೫ ಕೊಡುತ್ತಿದ್ದ ಗಾಡಿ ೨೦೨೫ರ ಮಳೆಗಾಲದ ಹೊತ್ತಿಗೆ ೧೨ಕ್ಕೆ ಬಂದು ನಿಂತಿತು. ಸ್ಲೇಟು ಬಳಪ ಬೇಡ, ಬಾಯಲ್ಲೇ ಲೆಕ್ಕ ಮಾಡಿ. ೧೫ರಂತೆ ೧೪೦ ಲೀಟರು. ೧೨ರಂತೆ ೧೭೫ ಲೀಟರು. ೩೫ ಲೀಟರು ಹೆಚ್ಚು. ಲೀಟರಿಗೆ ೧೦೦ ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ ೩,೫೦೦ ರೂಪಾಯಿ. ಮಕ್ಕಳ ತಂದೆತಾಯಿಗಳ ಹತ್ತಿರ ಜೂನ್ ತಿಂಗಳಿನಲ್ಲಿ ಆಡಿದ ಬಾಡಿಗೆ ವರ್ಷ ಮುಗಿಯುವ ತನಕ ಏರುವುದಿಲ್ಲ. ಆದುದರಿಂದ ಈ ೩,೫೦೦ ರೂಪಾಯಿ ಹೊರಗಿನಿಂದ ಬರತಕ್ಕದ್ದಲ್ಲ. ಅವರ ಮನೆಯ ಅಕ್ಕಿ ಬೇಳೆಯ ದುಡ್ಡಿನಿಂದಲೇ ಹೋಗಬೇಕು.

ಅವರು ಬಂದು, "ಮೇಷ್ಟ್ರೇ, ಗಾಡಿ ಎಣ್ಣೆ ಕುಡೀತಾ ಇದೆ, ಏನು ಮಾಡಲಿ?" ಎಂದರು. ಆಕ್ಸಿಜನ್ ಸೆನ್ಸರ್ ಕೆಟ್ಟರೆ ನೂರಕ್ಕೆ ೪೦ರಷ್ಟು ಮೈಲೇಜ್ ಹೋಗುತ್ತದೆಂದು ನಾನು ಎಲ್ಲಿಯೋ ಓದಿದ್ದೆ. ಓದಿದವನಿಗೆ ಓದಿದ್ದನ್ನು ಹೇಳುವ ಚಟ. "ಸೆನ್ಸರ್ ಹಾಕಿಸಿಬಿಡಿ" ಎಂದೆ. ಇನ್ಶೂರೆನ್ಸಿಗೆಂದು ಎತ್ತಿಟ್ಟ ಹಣದಲ್ಲಿ ೨,೮೦೦ ರೂಪಾಯಿ ತೆಗೆದು ಹಾಕಿಸಿದರು. ಒಂದು ವಾರ ಓಡಿಸಿದರು. ಮೈಲೇಜ್ ೧೨ ಇದ್ದದ್ದು ೧೨ ಆಗಿಯೇ ಇತ್ತು. ಇತ್ತ ಇನ್ಶೂರೆನ್ಸ್ ಮುಗಿದು, ಹಣ ಹೊಂದಿಸುವ ತನಕ ಐದು ದಿವಸ ವ್ಯಾನು ಮನೆಯ ಮುಂದೆ ನಿಂತಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ೪೦ರ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಅದು ಸುಳ್ಳಲ್ಲ. ಅಮೆರಿಕಾ ಸರಕಾರದ ಇಂಧನ ಇಲಾಖೆ ಮತ್ತು ಪರಿಸರ ಸಂಸ್ಥೆ ಸೇರಿ ಅಲ್ಲಿನ ಕಾರು ಓಡಿಸುವವರಿಗೆ ಕೊಡುವ ತಿಳಿವಳಿಕೆಯಲ್ಲಿ ಅದು ಇದೆ. ಆದರೆ ಅಲ್ಲಿ ಇರುವುದು ಆಕ್ಸಿಜನ್ ಸೆನ್ಸರ್ ಕೆಟ್ಟಂಥ ದೊಡ್ಡ ದೋಷವನ್ನು ಸರಿಪಡಿಸಿದರೆ ೪೦ರ ತನಕ ಲಾಭವಾಗಬಹುದು ಎಂದು. "ತನಕ" ಎಂಬ ಮಾತನ್ನು ನಾನು ನುಂಗಿಬಿಟ್ಟಿದ್ದೆ. ಟ್ಯೂನಿಂಗ್ ತಪ್ಪಿದ ಸಾಧಾರಣ ಗಾಡಿಯನ್ನು ಸರಿ ಮಾಡಿದರೆ ಸರಾಸರಿ ನೂರಕ್ಕೆ ೪ರಷ್ಟು ಮಾತ್ರವೇ ಸಿಗುವುದೆಂದು ಅದೇ ತಿಳಿವಳಿಕೆಯಲ್ಲಿದೆ. ಸಾಮಾನು ಮಾರುವವರು ೪೦ನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ, ೪ನ್ನು ಹಾಕಿಸುವುದಿಲ್ಲ.

ಹಾಗಾದರೆ ಈ ಸೆನ್ಸರ್ ಎಂಬುದೇನು? ನಿಮ್ಮಲ್ಲಿ ವಯಸ್ಸಾದವರು ಕಾರ್ಬುರೇಟರ್ ಗಾಡಿ ಓಡಿಸಿದ್ದೀರಿ. ಆಗ ಪೆಟ್ರೋಲ್ ಎಷ್ಟು, ಗಾಳಿ ಎಷ್ಟು ಎಂಬುದನ್ನು ಮೇಸ್ತ್ರಿ ಸ್ಕ್ರೂ ತಿರುಗಿಸಿ, ಕಿವಿಗೊಟ್ಟು ಕೇಳಿ ನಿರ್ಣಯಿಸುತ್ತಿದ್ದ. ೧೯೯೯ರಲ್ಲಿ ದಿಲ್ಲಿಯ ಹೊಗೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ೨೦೦೦ನೇ ಇಸವಿಯಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲೆಲ್ಲಾ ನಿಂತಿತು. ಹೊಗೆಯ ನಿಯಮ ಹಂತಹಂತವಾಗಿ ಬಿಗಿಯಾಗಿ ೨೦೦೫ರಲ್ಲಿ ಭಾರತ್ ಸ್ಟೇಜ್ ಎರಡು ಎಲ್ಲ ಊರುಗಳಿಗೂ ಬಂತು. ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಎಂ.ಪಿ.ಎಫ್.ಐ. ಬಂದದ್ದು ಈ ಕಾಲದಲ್ಲಿ. ಅಂದಿನಿಂದ ಪೆಟ್ರೋಲಿನ ಲೆಕ್ಕ ಮೇಸ್ತ್ರಿಯ ಕೈಯಿಂದ ಒಂದು ಪೆಟ್ಟಿಗೆಯ ಕೈಗೆ ಹೋಯಿತು. ಇ.ಸಿ.ಎಂ. ಎಂದು ನೀವು ಕರೆಯುವ ಪೆಟ್ಟಿಗೆ ಅದು.

ಈ ಪೆಟ್ಟಿಗೆಗೆ ಕಣ್ಣಿಲ್ಲ, ಮೂಗಿಲ್ಲ. ಅದು ಹಿಂದಿನ ಕಾಲದ ಅಮಲ್ದಾರರ ಹಾಗೆ. ಅಮಲ್ದಾರರು ಹೊಲಕ್ಕೆ ಹೋಗುತ್ತಿರಲಿಲ್ಲ. ಶಾನುಭೋಗರು ಬರೆದು ಕಳಿಸಿದ ವರದಿಯನ್ನು ನೋಡಿ ಹುಕುಂ ಮಾಡುತ್ತಿದ್ದರು. ಸೆನ್ಸರುಗಳು ಈ ಪೆಟ್ಟಿಗೆಯ ಶಾನುಭೋಗರು. ಒಬ್ಬ ಇಂಜಿನ್ನಿನ ನೀರಿನ ಬಿಸಿಯನ್ನು ಬರೆಯುತ್ತಾನೆ. ಒಬ್ಬ ಒಳಕ್ಕೆ ಬರುವ ಗಾಳಿಯ ಒತ್ತಡವನ್ನೂ, ಒಬ್ಬ ಅದರ ಬಿಸಿಯನ್ನೂ ಬರೆಯುತ್ತಾರೆ. ನೀವು ಎಷ್ಟು ಆಕ್ಸಿಲರೇಟರ್ ತುಳಿದಿರೆಂದು ಬರೆಯುವವನು ಇನ್ನೊಬ್ಬ. ಕೊನೆಯವನು ಸೈಲೆನ್ಸರ್ ಕೊಳವೆಯ ಬಾಯಲ್ಲಿ ಕೂತು, ಹೊರಕ್ಕೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ಹೇಳುತ್ತಾನೆ. ಅವನೇ ಆಕ್ಸಿಜನ್ ಸೆನ್ಸರ್.

ನೋಡುವುದಕ್ಕೆ ಅದು ಸ್ಪಾರ್ಕ್ ಪ್ಲಗ್ಗಿನ ಹಾಗಿರುತ್ತದೆ. ಬಾಷ್ ಕಂಪೆನಿ ಮಾಡಿದ ಇಂಥ ಸೆನ್ಸರು ಮೊದಲ ಬಾರಿಗೆ ೧೯೭೬ರಲ್ಲಿ ವೋಲ್ವೊ ಕಾರುಗಳಲ್ಲಿ ಬಂತು. ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿದೆ. ಅದರ ಒಂದು ಮಗ್ಗುಲಿಗೆ ಹೊಗೆ, ಮತ್ತೊಂದು ಮಗ್ಗುಲಿಗೆ ಹೊರಗಿನ ಗಾಳಿ. ಸುಮಾರು ೩೦೦ ಡಿಗ್ರಿಯ ಮೇಲೆ ಕಾದಾಗ ಎರಡು ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ಅದು ತಾನೇ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಪೆಟ್ರೋಲ್ ಹೆಚ್ಚಾಗಿದ್ದರೆ ೦.೯ ವೋಲ್ಟಿನ ಹತ್ತಿರ, ಗಾಳಿ ಹೆಚ್ಚಾಗಿದ್ದರೆ ೦.೧ರ ಹತ್ತಿರ. ಒಂದು ಕಿಲೋ ಶುದ್ಧ ಪೆಟ್ರೋಲಿಗೆ ೧೪.೭ ಕಿಲೋ ಗಾಳಿ ಎಂಬುದು ಸರಿಯಾದ ಹದ. ಪೆಟ್ಟಿಗೆ ಈ ಹದದ ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತಾ ಇರುತ್ತದೆ. ಆದುದರಿಂದ ಆರೋಗ್ಯವಾದ ಸೆನ್ಸರಿನ ವೋಲ್ಟು ಒಂದೇ ಕಡೆ ನಿಲ್ಲುವುದಿಲ್ಲ, ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಮುದಿಯಾದ ಸೆನ್ಸರು ನಿಧಾನವಾಗುತ್ತದೆ, ಇಲ್ಲವೆ ಕೆಳಗಡೆಯೇ ನಿಂತುಬಿಡುತ್ತದೆ. ಕೆಳಗೆ ನಿಂತರೆ ಪೆಟ್ಟಿಗೆ "ಗಾಳಿ ಹೆಚ್ಚಾಗಿದೆ" ಎಂದು ನಂಬಿ ಪೆಟ್ರೋಲ್ ಸುರಿಯುತ್ತದೆ. ಆಗ ಬದಲಿಸಿದರೆ ನಿಜವಾಗಿಯೂ ಲಾಭವುಂಟು. ತನ್ನೊಳಗೇ ಹೀಟರ್ ಇಲ್ಲದ ಹಳೆಯ ಬಗೆಯವು ೫೦ರಿಂದ ೮೦ ಸಾವಿರ ಕಿಲೋಮೀಟರು, ಹೀಟರ್ ಇರುವವು ಲಕ್ಷ ದಾಟಿ ಒಂದೂವರೆ ಲಕ್ಷದ ತನಕವೂ ಬಾಳುತ್ತವೆ.

ಸೆನ್ಸರ್ ಕೆಟ್ಟಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಇದಕ್ಕೆ ೫೦೦ ರೂಪಾಯಿಯೊಳಗಿನ ಡಿಜಿಟಲ್ ಮಲ್ಟಿಮೀಟರ್ ಸಾಕು. ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ ಇಂಜಿನ್ ಚೆನ್ನಾಗಿ ಕಾಯಲಿ. ಸೆನ್ಸರಿನ ಪ್ಲಗ್ಗನ್ನು ಬಿಚ್ಚದೆ, ವರದಿ ತರುವ ತಂತಿಗೆ ಹಿಂದಿನಿಂದ ಸೂಜಿಯಂಥ ಕಡ್ಡಿ ತಾಗಿಸಿ ವೋಲ್ಟ್ ನೋಡಿ. ಒಬ್ಬರು ಆಕ್ಸಿಲರೇಟರನ್ನು ೨,೫೦೦ ಸುತ್ತಿನ ಬಳಿ ಹಿಡಿಯಲಿ. ಹತ್ತು ಸೆಕೆಂಡಿನಲ್ಲಿ ಏಳೆಂಟು ಸಲವಾದರೂ ಮೇಲೆ ಕೆಳಗೆ ಹೋಗಬೇಕು. ಹೋಗದಿದ್ದರೆ ಏರ್ ಫಿಲ್ಟರಿನ ಬಾಯನ್ನು ಅರ್ಧ ಮುಚ್ಚಿ ನೋಡಿ, ವೋಲ್ಟ್ ಏರಬೇಕು. ಸಣ್ಣ ವ್ಯಾಕ್ಯೂಮ್ ಪೈಪೊಂದನ್ನು ಕ್ಷಣಕಾಲ ಕಳಚಿ ನೋಡಿ, ಇಳಿಯಬೇಕು. ಹೀಗೆ ಏರಿ ಇಳಿದರೆ ಆ ಶಾನುಭೋಗ ಬದುಕಿದ್ದಾನೆ; ತಪ್ಪು ಬೇರೆ ಕಡೆಯಲ್ಲಿದೆ. ಏನು ಮಾಡಿದರೂ ಅಲುಗಾಡದಿದ್ದರೆ ಬದಲಿಸುವ ಮಾತು ಆಡಬಹುದು. ನಾಲ್ಕು ತಂತಿಯ ಸೆನ್ಸರಿನಲ್ಲಿ ಒಂದೇ ಬಣ್ಣದ ಎರಡು ತಂತಿಗಳು ಸಾಧಾರಣವಾಗಿ ಹೀಟರಿನವು. ಪ್ಲಗ್ ಬಿಚ್ಚಿ ಅವುಗಳ ನಡುವೆ ಅಳೆದರೆ ಕೆಲವು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ.

ಇನ್ನೊಂದು ಮೋಸವನ್ನು ಗಮನಿಸಿ. ಸೆನ್ಸರಿಗಿಂತ ಮುಂಚೆಯೇ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸೆನ್ಸರು ಇದ್ದದ್ದನ್ನೇ ಹೇಳುತ್ತದೆ, ಪೆಟ್ಟಿಗೆ ಪೆಟ್ರೋಲ್ ಹೆಚ್ಚು ಮಾಡುತ್ತದೆ. ನೀವು ಹತ್ತು ಸೆನ್ಸರು ಹಾಕಿದರೂ ಹತ್ತೂ ಅದನ್ನೇ ಹೇಳುತ್ತವೆ. ಗಾಳಿಯ ಒತ್ತಡದ ಸೆನ್ಸರಿಗೆ ಹೋಗುವ ರಬ್ಬರ್ ಪೈಪು ಒಡೆದರೂ ಹೀಗೆಯೇ. ಇಪ್ಪತ್ತು ರೂಪಾಯಿಯ ಪೈಪಿಗೆ ಬದಲಾಗಿ ಸಾವಿರಾರು ರೂಪಾಯಿಯ ಸೆನ್ಸರು ಹಾಕಿಸಿಕೊಂಡವರು ಈ ಸಭೆಯಲ್ಲಿಯೇ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರು ತಲೆ ತಗ್ಗಿಸಿದ್ದರಿಂದ ನಿಮಗೇ ಗೊತ್ತಾಯಿತು.

ಈಗ ನಮ್ಮ ಮಿತ್ರರ ವ್ಯಾನಿಗೆ ಬರೋಣ. ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಒಂದು ಭಾನುವಾರ ಮಲ್ಟಿಮೀಟರ್ ತೆಗೆದುಕೊಂಡು ಅವರ ಮನೆಗೆ ಹೋದೆ. ಅವರು ತೆಗೆದಿಟ್ಟಿದ್ದ ಹಳೆಯ ಆಕ್ಸಿಜನ್ ಸೆನ್ಸರನ್ನೇ ಮತ್ತೆ ಹಾಕಿ ನೋಡಿದೆವು. ಏರಿ ಇಳಿದು ಸರಿಯಾಗಿಯೇ ತೂಗಿತು. ೨,೮೦೦ ರೂಪಾಯಿ ನೀರಿಗೆ ಹಾಕಿದಂತಾಗಿತ್ತು. ಮುಂದೆ ನೀರಿನ ಬಿಸಿಯನ್ನು ಹೇಳುವ ಸೆನ್ಸರನ್ನು ಹಿಡಿದೆವು. ಅದು ತಣ್ಣಗಿದ್ದಾಗ ಹೆಚ್ಚು ಓಮ್, ಬಿಸಿಯಾದಂತೆ ಕಡಿಮೆ ಓಮ್ ತೋರಿಸುವ ಜಾತಿ. ಬಹುಪಾಲು ಗಾಡಿಗಳಲ್ಲಿ ೨೦ ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ, ೮೦ ಡಿಗ್ರಿಯಲ್ಲಿ ಸುಮಾರು ಮುನ್ನೂರು. ಹತ್ತು ಕಿಲೋಮೀಟರ್ ಓಡಿಸಿ ಬಂದ ಮೇಲೆಯೂ ೯೦೦ ತೋರಿಸಿತು. "ಸಿಕ್ಕಿತು ಕಳ್ಳ, ಇದನ್ನು ಬದಲಿಸೋಣ" ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಒಮ್ಮೆ ಸುಟ್ಟುಕೊಂಡದ್ದರಿಂದ ನುಂಗಿಕೊಂಡೆ. ಇಂಜಿನ್ ಆರಿದ ಮೇಲೆ ಸೆನ್ಸರನ್ನು ಬಿಚ್ಚಿ, ಅಡಿಗೆಮನೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಪ್ರಯೋಗಶಾಲೆಯ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟು ಅದ್ದಿ ನೋಡಿದೆವು. ನೀರು ಕಾಯುತ್ತಾ ಹೋದಂತೆ ಓಮ್ ಇಳಿಯುತ್ತಾ ಬಂದು ೮೦ಕ್ಕೆ ಸರಿಯಾಗಿ ಮುನ್ನೂರರ ಆಸುಪಾಸಿಗೆ ನಿಂತಿತು. ಅಂದರೆ ಸೆನ್ಸರು ಸುಳ್ಳು ಹೇಳಿರಲಿಲ್ಲ. ಹತ್ತು ಕಿಲೋಮೀಟರ್ ಓಡಿದರೂ ಇಂಜಿನ್ ೫೦ ಡಿಗ್ರಿಯನ್ನು ಮುಟ್ಟಿರಲಿಲ್ಲ, ಅಷ್ಟೆ. ಮಳೆ ಬಂದಿಲ್ಲವೆಂದು ಶಾನುಭೋಗ ನಿಜವನ್ನೇ ಬರೆದಿದ್ದ. ಅವನನ್ನು ವಜಾ ಮಾಡಿದರೆ ಮಳೆ ಬರುತ್ತದೆಯೇ?

ಆಗ ಮಿತ್ರರಿಗೆ ನೆನಪಾಯಿತು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಗಾಡಿ ಕುದಿದಿತ್ತು. ದಾರಿಯ ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು, "ಇನ್ನು ಮೇಲೆ ಕುದಿಯುವುದಿಲ್ಲ" ಎಂದು ಹೇಳಿ ಕಳಿಸಿದ್ದರು. ಈ ವಾಲ್ವು ನೀರು ೮೦ರಿಂದ ೯೦ ಡಿಗ್ರಿಯ ನಡುವೆ ಕಾಯುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಅದನ್ನು ಕಿತ್ತರೆ ನೀರು ಮೊದಲಿನಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತದೆ. ನಮ್ಮ ಮಲೆನಾಡಿನ ಆಷಾಢದ ಮಳೆಯಲ್ಲಿ, ಎರಡು ಮೈಲಿಗೊಮ್ಮೆ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುವ ವ್ಯಾನಿನ ಇಂಜಿನ್ ಕಾಯುವುದಾದರೂ ಯಾವಾಗ? ಇಂಜಿನ್ ಕಾಯುವ ತನಕ ಪೆಟ್ಟಿಗೆ ಚಳಿಯ ಲೆಕ್ಕದಲ್ಲಿ ಪೆಟ್ರೋಲ್ ಹೆಚ್ಚಿಗೆ ಬಿಡುತ್ತದೆ. ಆಕ್ಸಿಜನ್ ಸೆನ್ಸರಿನ ಮಾತನ್ನು ಪೂರ್ತಿಯಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊಸ ಸೆನ್ಸರಿನಿಂದ ಏನೂ ಆಗದಿದ್ದುದಕ್ಕೆ ಇದೇ ಕಾರಣ. ಹೀಟ್ ಮುಳ್ಳು ಕೆಳಗೇ ಇದ್ದದ್ದನ್ನು ನೋಡಿ, ಗಾಡಿ ತಣ್ಣಗಿದೆ, ಒಳ್ಳೆಯದಾಯಿತು ಎಂದು ಅವರು ಅಷ್ಟೂ ತಿಂಗಳು ಸಂತೋಷಪಟ್ಟಿದ್ದರು.

ಇದನ್ನು ನೀವು ಮೀಟರ್ ಇಲ್ಲದೆಯೂ ನೋಡಬಹುದು. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಪೈಪನ್ನು ಆಗಾಗ ಮುಟ್ಟಿ ನೋಡುತ್ತಿರಿ. ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾದರೆ ವಾಲ್ವು ಕೆಲಸ ಮಾಡುತ್ತಿದೆ. ಮೊದಲಿನಿಂದಲೇ ಸ್ವಲ್ಪಸ್ವಲ್ಪವಾಗಿ ಬೆಚ್ಚಗಾಗುತ್ತಾ ಬಂದರೆ ವಾಲ್ವು ಇಲ್ಲ, ಇಲ್ಲವೆ ತೆರೆದ ಬಾಯಿ ಮುಚ್ಚುತ್ತಿಲ್ಲ. ಫ್ಯಾನು ಮತ್ತು ಬೆಲ್ಟಿನಿಂದ ಕೈ ದೂರವಿರಲಿ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ.

ಹೊಸ ವಾಲ್ವಿಗೆ ೪೫೦ ರೂಪಾಯಿ ಆಯಿತು. ಕುದಿಯುವುದಕ್ಕೆ ಮೂಲಕಾರಣ ರೇಡಿಯೇಟರಿನಲ್ಲಿ ಕಟ್ಟಿದ್ದ ಕೊಳೆ, ಅದನ್ನೂ ತೊಳೆಸಿದೆವು. ಗಾಡಿ ಲೀಟರಿಗೆ ೧೪ಕ್ಕೆ ಬಂತು. ತಿಂಗಳಿಗೆ ೧೭೫ ಲೀಟರು ಇದ್ದದ್ದು ೧೫೦ ಆಯಿತು. ೨೫ ಲೀಟರು, ಅಂದರೆ ೨,೫೦೦ ರೂಪಾಯಿ ಮನೆಗೆ ಉಳಿಯಿತು.

"ಹಾಗಾದರೆ ಉಳಿದ ಒಂದು ಕಿಲೋಮೀಟರ್ ಎಲ್ಲಿ ಹೋಯಿತು?" ಎಂದು ನೀವು ಕೇಳಬೇಕು. ನಮ್ಮ ಮಿತ್ರರೂ ಕೇಳಿದರು. ಅದರ ಉತ್ತರ ಬಹುಮಟ್ಟಿಗೆ ಇಂಜಿನ್ನಿನಲ್ಲಿಲ್ಲ, ಬಂಕಿನಲ್ಲಿದೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಪ್ರಧಾನಿಗಳು ನೂರಕ್ಕೆ ೨೦ ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು ಆರಂಭಿಸಿದರು; ೨೦೨೫ರ ಹೊತ್ತಿಗೆ ಅದು ದೇಶದ ತುಂಬಾ ಹಬ್ಬಿತು. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ. ಹಳೆಯ ಬಗೆಯ ನಾಲ್ಕು ಚಕ್ರದ ಗಾಡಿಗಳಲ್ಲಿ ಇದರಿಂದ ನೂರಕ್ಕೆ ೬ರಿಂದ ೭ರಷ್ಟು ಮೈಲೇಜ್ ಇಳಿಯುವುದೆಂದು ನೀತಿ ಆಯೋಗವೇ ೨೦೨೧ರ ತನ್ನ ವರದಿಯಲ್ಲಿ ಅಂದಾಜು ಮಾಡಿತ್ತು. ೧೫ಕ್ಕೆ ೭ರಷ್ಟು ಕಳೆಯಿರಿ, ೧೪ ಬರುತ್ತದೆ. ಕಬ್ಬು, ಜೋಳ ಬೆಳೆಯುವ ರೈತನಿಗೆ ಇದರಿಂದ ಏನು ಸಿಕ್ಕಿತೆಂಬುದು ಬೇರೆ ಚರ್ಚೆ, ಇನ್ನೊಂದು ದಿವಸ ಮಾಡೋಣ. ವ್ಯಾನ್ ಓಡಿಸುವವನ ಜೇಬಿನಿಂದ ತಿಂಗಳಿಗೆ ಹತ್ತು ಲೀಟರಿನ ದುಡ್ಡು ಹೋಗುತ್ತಿರುವುದಂತೂ ಲೆಕ್ಕದಲ್ಲಿ ಕಾಣುತ್ತದೆ. ಇದಕ್ಕೆ ಸೆನ್ಸರಿನ ಅಂಗಡಿಯಲ್ಲಿ ಔಷಧಿಯಿಲ್ಲ.

ಇಲ್ಲಿಯೇ ಮತ್ತೊಂದು ಎಚ್ಚರಿಕೆ. ಎಥನಾಲಿನ ಒಳಗೇ ಆಮ್ಲಜನಕವಿದೆ. ಆದುದರಿಂದ ಆಕ್ಸಿಜನ್ ಸೆನ್ಸರು ಹೊಗೆಯನ್ನು ಮೂಸಿ "ಪೆಟ್ರೋಲ್ ಇನ್ನಷ್ಟು ಬೇಕು" ಎನ್ನುತ್ತದೆ. ಸ್ಕ್ಯಾನರ್ ಹಾಕಿದರೆ ಪೆಟ್ರೋಲ್ ತಿದ್ದುಪಡಿಯ ಅಂಕಿ ಹೆಚ್ಚಾಗಿ ಕಾಣುತ್ತದೆ. ಅದನ್ನು ನೋಡಿ ಯಾರಾದರೂ "ಸೆನ್ಸರ್ ಹೋಗಿದೆ" ಎಂದರೆ ನಂಬಬೇಡಿ. ಆ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ತಿದ್ದುಪಡಿ ನೂರಕ್ಕೆ ೧೦ರ ಒಳಗಿದ್ದರೆ ಸಾಧಾರಣವಾಗಿ ಹೆದರಬೇಕಾದ್ದಿಲ್ಲ. ಸ್ಕ್ಯಾನರ್ ಕೊಡುವ ಸಂಕೇತವೂ ಅಷ್ಟೆ. ಹಳೆಯ ಕೆಲವು ಗಾಡಿಗಳಲ್ಲಿ ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ ತಿಳಿಯುವುದುಂಟು. ಯಾವ ವರದಿ ಅನುಮಾನಾಸ್ಪದ ಎಂಬುದನ್ನು ಅದು ತೋರಿಸುತ್ತದೆ. ಅಪರಾಧಿ ಸೆನ್ಸರೋ, ತಂತಿಯೋ, ಹಸಿರು ಕಿಲುಬು ಹಿಡಿದ ಪ್ಲಗ್ಗೋ ಎಂಬುದನ್ನು ಮನುಷ್ಯನೇ ಹುಡುಕಬೇಕು.

ಪೆಟ್ರೋಲಿನ ಮಾತು ಬಂದಾಗ ಒಬ್ಬರನ್ನು ನೆನೆಯದೆ ಹೋಗಲಾರೆ. ಕೋಲಾರ ಚಿನ್ನದ ಗಣಿಯ ಕಡೆಯ ಹುಡುಗ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿ ಉತ್ತರ ಪ್ರದೇಶಕ್ಕೆ ಹೋದರು. ಲಖೀಮ್‌ಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕೆ ೨೦೦೫ರ ನವೆಂಬರಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಮೂವತ್ತು ಕೂಡ ಆಗಿರಲಿಲ್ಲ. ಬಂಕಿನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆಯನ್ನೂ ಐದು ಲೀಟರಿನ ಅಳತೆಯನ್ನೂ ಕೇಳಿ ನೋಡುವ ಹಕ್ಕು ನಿಮಗೆಲ್ಲರಿಗೂ ಇದೆ. ಇಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಕೇಳಿದ್ದೀರಿ? ಕೈ ಎತ್ತಿ ನೋಡೋಣ. ಇಬ್ಬರು.

ಪರೀಕ್ಷೆ ಮಾಡಿ, ಸೆನ್ಸರ್ ಕೆಟ್ಟದ್ದೇ ನಿಜವೆಂದಾದರೆ ಬದಲಿಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳುಂಟು. ಆಕ್ಸಿಜನ್ ಸೆನ್ಸರಿಗೆ ೨೨ರ ಸ್ಪ್ಯಾನರ್ ಬೇಕು. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕೊಳವೆ ಸ್ವಲ್ಪ ಬೆಚ್ಚಗಿರುವಾಗ ಬಿಚ್ಚಿ. ಪೂರಾ ತಣ್ಣಗಾದರೆ ಕಚ್ಚಿಕೊಂಡು ಮರೆಯನ್ನೇ ಕಿತ್ತುಕೊಂಡು ಬರುತ್ತದೆ. ಹೊಸದರ ತುದಿಗೆ ಗ್ರೀಸಿನ ಕೈ ತಾಗಿಸಬೇಡಿ. ಹತ್ತಿರದಲ್ಲೆಲ್ಲೂ ಸಿಲಿಕೋನ್ ಅಂಟು ಬಳಿಯಬೇಡಿ, ಅದರ ಹಬೆಯೇ ಸೆನ್ಸರಿಗೆ ವಿಷ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಗಾಡಿಯ ಸೆನ್ಸರನ್ನು ತಂದು ತಂತಿ ಕತ್ತರಿಸಿ, ತಿರುಚಿ, ಟೇಪು ಸುತ್ತುವ ಪದ್ಧತಿ ನಮ್ಮಲ್ಲಿ ಬಹಳ. ಸೆನ್ಸರಿನ ಒಂದು ಮಗ್ಗುಲಿಗೆ ಹೊರಗಿನ ಗಾಳಿ ಬೇಕೆಂದು ಹೇಳಿದೆನಲ್ಲವೆ? ಎಷ್ಟೋ ಸೆನ್ಸರುಗಳಲ್ಲಿ ಆ ಗಾಳಿ ಬರುವುದು ತಂತಿಯ ಒಳಗಿನ ಎಳೆಗಳ ಸಂದಿನಿಂದಲೇ. ಬೆಸುಗೆ ಹಾಕಿ ಮುಚ್ಚಿದರೆ ಅದರ ಮೂಗನ್ನೇ ಕಟ್ಟಿದಂತೆ. ಕ್ಯಾಟಲಿಟಿಕ್ ಕನ್ವರ್ಟರಿನ ಆಚೆಗೆ ಎರಡನೆಯ ಸೆನ್ಸರು ಇರುವ ಹೊಸ ಗಾಡಿಗಳಲ್ಲಿ ಆ ಎರಡನೆಯದು ಮುಖ್ಯವಾಗಿ ಕನ್ವರ್ಟರನ್ನು ಕಾಯುವುದಕ್ಕೆ ಇರುವುದು. ಮೈಲೇಜಿಗೆಂದು ಅದನ್ನು ಬದಲಿಸಲು ಹೋಗಬೇಡಿ.

ಏರ್ ಫಿಲ್ಟರ್ ಬದಲಿಸಿದರೆ ಎಂ.ಪಿ.ಎಫ್.ಐ. ಗಾಡಿಯಲ್ಲಿ ಮೈಲೇಜ್ ಏರುವುದಿಲ್ಲ, ಎಳೆತ ಮಾತ್ರ ಸುಧಾರಿಸುತ್ತದೆ. ಕಾರ್ಬುರೇಟರ್ ಕಾಲದ ಮಾತು ಅದು. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿಸಿ.

ಇದೆಲ್ಲಕ್ಕೂ ಮುಂಚೆ ಒಂದು ನೋಟುಬುಕ್ಕು ಬೇಕು. ಒಂದೇ ಬಂಕಿನಲ್ಲಿ, ನಳಿಕೆ ಮೊದಲ ಸಲ ತಾನಾಗಿ ನಿಲ್ಲುವ ತನಕ ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಹಾಗೆಯೇ ತುಂಬಿಸಿ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಓಡಿತು ಎಂದು ಬರೆಯಿರಿ. ಹೀಗೆ ಮೂರು ಸಲ. ನಿತ್ಯ ೨೦೦ ರೂಪಾಯಿಯ ಪೆಟ್ರೋಲ್ ಹಾಕಿಸಿ ಬಾಯಲ್ಲಿ ಹೇಳುವ ಮೈಲೇಜಿಗೆ ಬೆಲೆಯಿಲ್ಲ. ಪೂರಾ ಟ್ಯಾಂಕಿಗೆ ಒಮ್ಮೆಗೇ ದುಡ್ಡು ಎಲ್ಲಿಂದ ತರೋಣ ಎಂದು ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಮೂವರು ನಾಲ್ವರು ಸೇರಿ ಸರದಿಯ ಮೇಲೆ ಒಬ್ಬೊಬ್ಬರ ಟ್ಯಾಂಕ್ ತುಂಬಿಸಿ. ಲೆಕ್ಕ ನಾನು ಬರೆದಿಡುತ್ತೇನೆ. ಮಲ್ಟಿಮೀಟರನ್ನೂ ಎಲ್ಲರೂ ಕೊಳ್ಳಬೇಕಾಗಿಲ್ಲ, ಸ್ಟ್ಯಾಂಡಿಗೆ ಒಂದಿದ್ದರೆ ಸಾಕು. ನನ್ನದನ್ನು ಇಲ್ಲಿಯೇ ಬಿಟ್ಟು ಹೋಗುತ್ತೇನೆ.

ನಮ್ಮ ಮಿತ್ರರು ಆ ಹೊಸ ಸೆನ್ಸರನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಾರೆ. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಓಮ್ನಿ ಇರುವವರಲ್ಲಿ ಯಾರದಾದರೂ ಸೆನ್ಸರು ನಿಜವಾಗಿ ಕೆಟ್ಟಿದ್ದರೆ ಅರ್ಧ ಬೆಲೆಗೆ ಕೊಡುತ್ತಾರಂತೆ. ಉಳಿದ ಅರ್ಧವನ್ನು ನಾನು ಕೊಡುತ್ತೇನೆ ಎಂದರೆ ಅವರು ಒಪ್ಪುತ್ತಿಲ್ಲ, ಅದನ್ನು ಆಮೇಲೆ ಜಗಳವಾಡಿ ತೀರಿಸಿಕೊಳ್ಳುತ್ತೇವೆ. ಹೊರಗೆ ಆರು ವ್ಯಾನುಗಳು ನಿಂತಿವೆ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಮಳೆ ಬಂದರೂ ನಮಗೆ ತೊಂದರೆಯಿಲ್ಲ. ದೂರದಿಂದ ಓಡಿಸಿಕೊಂಡು ಬಂದ ಗಾಡಿ ಇನ್ನೂ ಬಿಸಿಯಾಗಿರುತ್ತದೆ; ಅದರ ಸೀಟನ್ನೇ ಮೊದಲು ಎತ್ತೋಣ, ಬನ್ನಿ.